ಸಾಕು ಎಂದವಳ ಚಳಿ

ನಮ್ಮ ಕಡೆಯ ಹೆಂಗಸರಿಗೆ 'ಸಾಕು' ಎನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಡಿಸುವವರ ಸೌಟು ಇನ್ನೂ ಪಾತ್ರೆಯಲ್ಲಿರುವಾಗಲೇ ನಮ್ಮ ಅಂಗೈ ಎಲೆಗೆ ಅಡ್ಡ ಬಂದಿರುತ್ತದೆ. ಅಂಗಡಿಯವನು ಮೂರನೆಯ ಸೀರೆ ಬಿಚ್ಚುವ ಮೊದಲೇ 'ಇದೇ ಸಾಕು' ಎಂದು ಎದ್ದಿರುತ್ತೇವೆ. ಬಸ್ಸಿನಲ್ಲಿ ಸೀಟಿನ ತುದಿಗೆ ಅರ್ಧ ಮೈ ಹೊರಗಿಟ್ಟು ಕುಳಿತು 'ಪರವಾಗಿಲ್ಲ, ನನಗಿಷ್ಟು ಸಾಕು' ಎನ್ನುವವರು ನಾವೇ. ಇದನ್ನೊಂದು ಒಳ್ಳೆಯ ಗುಣವೆಂದೇ ಅರವತ್ತಾರು ವರ್ಷ ನಂಬಿಕೊಂಡು ಬಂದವಳು ನಾನು. ಅದು ಗುಣವೋ ಬರೀ ಸುಳ್ಳೋ ಎಂಬ ಅನುಮಾನ ಹುಟ್ಟಿಸಿದ್ದು, ಹೇಳಿದರೆ ನಗುತ್ತೀರಿ, ಅಮೆರಿಕದಲ್ಲಿ ನನ್ನ ಮಗಳ ಮನೆಯ ಗೋಡೆಯ ಮೇಲಿದ್ದ ಅಂಗೈಯಗಲದ ಒಂದು ಡಬ್ಬಿ.

2022ರ ಅಕ್ಟೋಬರಿನಲ್ಲಿ ಅಲ್ಲಿಗೆ ಹೋದೆ. ನಾರ್ತ್ ಕೆರೊಲಿನಾ ರಾಜ್ಯದಲ್ಲಿ ರಾಲಿ ನಗರದ ಮಗ್ಗುಲಿಗೆ ಕ್ಯಾರಿ ಎಂಬ ಊರು. ನಮ್ಮವರು ಬೇಕಾದಷ್ಟು ಜನ ಇದ್ದಾರೆ. ದೇವಸ್ಥಾನವಿದೆ, ಕರಿಬೇವು, ಕೊತ್ತಂಬರಿ ಸೊಪ್ಪು ಎಲ್ಲ ಸಿಗುತ್ತದೆ. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಎಂಟು ವರ್ಷದ ಮೊಮ್ಮಗಳು. ನನಗೆಂದು ಕೊಟ್ಟ ಕೋಣೆ ಮಹಡಿಯಲ್ಲಿ, ಕಾರು ನಿಲ್ಲಿಸುವ ಗ್ಯಾರೇಜಿನ ಮೇಲುಗಡೆ. ಎರಡು ಕಿಟಕಿ, ಬೆಳಗಿನ ಬಿಸಿಲು. 'ಮನೇಲೆಲ್ಲ ಒಳ್ಳೇ ರೂಮು ಅಮ್ಮ ಇದು' ಎಂದಳು ಮಗಳು. ನಿಜವೇ. ಆದರೆ ಗ್ಯಾರೇಜಿಗೆ ಬಿಸಿ ಗಾಳಿ ಬಿಡುವ ಪದ್ಧತಿಯಿಲ್ಲ. ನವೆಂಬರ್ ಬಂದದ್ದೇ ತಡ, ಆ ಕೋಣೆಯ ನೆಲ ನಮ್ಮ ಮಲೆನಾಡಿನ ಮಳೆಗಾಲದ ಜಗಲಿಯ ಹಾಗೆ ಕೊರೆಯತೊಡಗಿತು.

ಮನೆಯನ್ನು ಬೆಚ್ಚಗಿಡುವ ಯಂತ್ರಕ್ಕೆ ಅಲ್ಲಿ ಹೀಟ್ ಪಂಪ್ ಎನ್ನುತ್ತಾರೆ. ನಿಮ್ಮ ಮನೆಯ ಫ್ರಿಜ್ಜಿನ ಹಿಂದೆ ಕೈಯಿಟ್ಟು ನೋಡಿದ್ದೀರಾ? ಬೆಚ್ಚಗಿರುತ್ತದೆ. ಒಳಗಿನ ಹಾಲು ಮೊಸರಿನ ಶಾಖವನ್ನು ಹೊತ್ತು ತಂದು ಹಿಂದುಗಡೆ ಸುರಿಯುವುದೇ ಫ್ರಿಜ್ಜಿನ ಕೆಲಸ. ಹೀಟ್ ಪಂಪ್ ಅದೇ ಜಾತಿಯದು. ಚಳಿಗಾಲದಲ್ಲಿ ಹೊರಗಿನ ಗಾಳಿಯ ಶಾಖವನ್ನು ಹೀರಿ ಮನೆಯೊಳಗೆ ತರುತ್ತದೆ. ಬೇಸಿಗೆಯಲ್ಲಿ ಅದೇ ಯಂತ್ರ ತಿರುಗುಮುರುಗಾಗಿ ಒಳಗಿನದನ್ನು ಹೊರಗೆ ಸಾಗಿಸುತ್ತದೆ. ಕೊರೆಯುವ ಗಾಳಿಯಲ್ಲೂ ಶಾಖವಿರುತ್ತದೆ ಎನ್ನುವುದನ್ನು ನಾನು ಮೊದಲು ನಂಬಲಿಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲೇ ಈ ಲೆಕ್ಕ ಹಾಕಿ ತೋರಿಸಿದ್ದ. ಶಾಖವನ್ನು ಹೊಸದಾಗಿ ಹುಟ್ಟಿಸದೆ ಇದ್ದಲ್ಲಿಂದ ಹೊತ್ತು ತರುವುದರಿಂದ ಖರ್ಚು ಕಡಿಮೆ. ಚಳಿ ತೀರಾ ಹೆಚ್ಚಿಲ್ಲದ ದಿನ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ. ಚಳಿ ಏರಿದಂತೆ ಯಂತ್ರದ ಕೈ ಸೋಲುತ್ತದೆ. ಆಗ ನೆರವಿಗೆ ಬರಲೆಂದು ಕರೆಂಟಿನ ಸುರುಳಿಗಳನ್ನೂ ಇಟ್ಟಿರುತ್ತಾರೆ, ನಮ್ಮ ಗೀಸರಿನೊಳಗೆ ಇರುವಂಥವೇ. ನಮ್ಮ ಬಚ್ಚಲಮನೆಯ ಗೀಸರು 2 ಕಿಲೋವ್ಯಾಟಿನದು. ಮಗಳ ಮನೆಯ ಸುರುಳಿಗಳು ಒಟ್ಟು 10. ಐದು ಗೀಸರು ಒಟ್ಟಿಗೆ ಹಾಕಿ ಮರೆತ ಹಾಗೆ.

ಇಷ್ಟನ್ನೂ ಆಳುವುದು ಹಾಲಿನ ಗೋಡೆಯ ಆ ಡಬ್ಬಿ, ಥರ್ಮೋಸ್ಟಾಟ್. ಅದಕ್ಕೆ ಗೊತ್ತಿರುವುದು ಎರಡೇ ಮಾತು, ಬೇಕು ಮತ್ತು ಸಾಕು. 68 ಡಿಗ್ರಿಗೆ ಇಟ್ಟರೆ (ಅವರದು ಫ್ಯಾರನ್‌ಹೀಟ್ ಲೆಕ್ಕ, ನಮ್ಮದರಲ್ಲಿ 20) ಅದಕ್ಕಿಂತ ಇಳಿದ ಕೂಡಲೇ 'ಬೇಕು' ಎನ್ನುತ್ತದೆ, ಅಷ್ಟಾದ ಕೂಡಲೇ 'ಸಾಕು' ಎನ್ನುತ್ತದೆ. ಸುಳ್ಳು ಹೇಳಲು ಅದಕ್ಕೆ ಬಾರದು. ಆದರೆ ಹಾಲಿನಲ್ಲಿ ಕೂತು ಅದು ಹಾಲಿನ ಚಳಿಯನ್ನಷ್ಟೇ ಬಲ್ಲದು. ಗ್ಯಾರೇಜಿನ ಮೇಲೆ ಎರಡು ಸ್ವೆಟರು ಹಾಕಿ, ಕಿವಿಗೆ ಮಫ್ಲರು ಸುತ್ತಿಕೊಂಡು ಮಲಗಿದವಳ ಸಂಗತಿ ಅದಕ್ಕೆ ಮುಟ್ಟುವುದಾದರೂ ಹೇಗೆ? ಯಾರಾದರೂ ಹೇಳಬೇಕು.

ಹೇಳುವ ಅವಕಾಶವಿರಲಿಲ್ಲವೆಂದಲ್ಲ. ಮಗಳು ದಿನಾ ರಾತ್ರಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, 'ಅಮ್ಮ, ಹೀಟು ಸಾಕಾ? ಚಳಿ ಆಗ್ತಿಲ್ಲ ತಾನೆ?' ನಾನು ದಿನಾ ಒಂದೇ ಉತ್ತರ ಕೊಡುತ್ತಿದ್ದೆ. 'ಸಾಕು ಕಣೇ. ಆಗುಂಬೆ ಮಳೆ ಕಂಡವಳಿಗೆ ಇದೊಂದು ಚಳಿಯಾ?' ಅಡುಗೆಮನೆಯಲ್ಲಿ ಗಂಡ ಹೆಂಡತಿ ಮನೆಸಾಲದ ಕಂತಿನ ಬಗ್ಗೆ ತಗ್ಗಿದ ದನಿಯಲ್ಲಿ ಮಾತಾಡಿದ್ದು ನನ್ನ ಕಿವಿಗೆ ಬಿದ್ದಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಹೆಣ್ಣು ಕೊಟ್ಟ ಮನೆ. ಅಳಿಯ ದೇವರಂಥವನೇ ಇರಲಿ, ಅಲ್ಲಿ ಇದು ಬೇಕು, ಅದು ಬೇಕು ಎನ್ನುವುದು ನಮ್ಮ ಬಾಯಿಗೆ ಬರುವ ಮಾತೇ?

ಹೀಗೆ ಹಗಲು 'ಸಾಕು' ಎಂದವಳು ರಾತ್ರಿ ಕದಿಯಲು ಶುರುಮಾಡಿದೆ.

ಆ ಥರ್ಮೋಸ್ಟಾಟ್ ಹಳೆಯದು, ಮನೆ ಕಟ್ಟಿದಾಗ ಹಾಕಿದ್ದು. ಕೆಳಗೊಂದು ಸಣ್ಣ ಕಡ್ಡಿ, ಅದನ್ನು ಆಚೀಚೆ ಸರಿಸಬೇಕು. ತುದಿಯಲ್ಲೊಂದು ಜಾಗಕ್ಕೆ 'ಎಮರ್ಜೆನ್ಸಿ' ಎಂದು ಬರೆದಿತ್ತು. ಹೊರಗಿನ ಯಂತ್ರ ಕೆಟ್ಟು ಕೂತಾಗ ಮಾತ್ರ ಅದು. ಆಗ ಬರೀ ಸುರುಳಿಗಳಿಂದಲೇ ಮನೆ ಕಾಯುತ್ತದೆ. ಹೋದ ವಾರವೇ ಅಳಿಯ ನನಗೆ ತೋರಿಸಿ, 'ಅತ್ತೆ, ಇದೊಂದು ಕಡೆ ಕೈ ಹಾಕಬೇಡಿ, ಬಿಲ್ಲು ಏರಿಬಿಡುತ್ತೆ' ಎಂದು ನಕ್ಕಿದ್ದ. ನವೆಂಬರಿನ ಒಂದು ರಾತ್ರಿ ಎರಡು ಗಂಟೆಗೆ ಕಾಲಿನ ಬೆರಳುಗಳು ಮರಗಟ್ಟಿ ಎಚ್ಚರವಾಯಿತು. ಮೆಟ್ಟಿಲಿಳಿದು ಹೋಗಿ ಕಡ್ಡಿಯನ್ನು ಆ ತುದಿಗೆ ಸರಿಸಿದೆ, ಡಿಗ್ರಿಯನ್ನೂ 74ಕ್ಕೆ ಏರಿಸಿದೆ. ಡಬ್ಬಿಯ ಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ದೀಪ ಹತ್ತಿತು. ನನ್ನ ಕೋಣೆಯ ಜಾಲರಿಯಿಂದ ಬಂದ ಗಾಳಿ ಅದುವರೆಗಿನ ಉಗುರುಬೆಚ್ಚಗಿನ ಗಾಳಿಯಲ್ಲ. ಊರಿನ ಬಚ್ಚಲೊಲೆಯ ಬಾಯಿಂದ ಬಂದಂತಿತ್ತು. ಜಾಲರಿಯ ಮೇಲೆ ಅಂಗಾಲಿಟ್ಟು ಕುಳಿತವಳಿಗೆ ಕಣ್ಣಲ್ಲಿ ನೀರು ಬಂತು. ಐದು ಗಂಟೆಗೆ, ಯಾರೂ ಏಳುವ ಮೊದಲು, ಎಲ್ಲವನ್ನೂ ಇದ್ದ ಹಾಗೆ ಸರಿಸಿಟ್ಟೆ. ಮರುದಿನ ಮತ್ತೆ. ಅದರ ಮರುದಿನ ಮತ್ತೆ.

ಡಿಸೆಂಬರಿನಲ್ಲಿ ಬಿಲ್ಲು ಬಂತು. ಹಿಂದಿನ ತಿಂಗಳಿನ ಎರಡರಷ್ಟು. ಮಗಳು ಕಾಗದ ಹಿಡಿದು ಲೆಕ್ಕ ಹಾಕಿದಳು, ಯೋಚಿಸಿದಳು, ಕೊನೆಗೆ ಅವಳ ಕಣ್ಣು ಬಿದ್ದದ್ದು ಮೊಮ್ಮಗಳ ಮೇಲೆ. ಎಂಟು ವರ್ಷದ ಮಗು; ಸ್ವಿಚ್ಚು, ಗುಂಡಿ, ರಿಮೋಟು ಯಾವುದನ್ನೂ ಸುಮ್ಮನೆ ಬಿಟ್ಟದ್ದಲ್ಲ. 'ನೀನೇ ತಾನೆ ಆ ಡಬ್ಬಿ ಮುಟ್ಟಿದ್ದು?' 'ಇಲ್ಲಮ್ಮ.' 'ಸುಳ್ಳು ಬೇರೆ ಹೇಳ್ತೀಯಾ?' ಬೈಗುಳ ಬಿತ್ತು. ವಾರ ಪೂರ್ತಿ ಟಿವಿ ಬಂದ್ ಆಯಿತು. ಮಗು ಅಳುತ್ತ ನನ್ನ ಕಡೆ ನೋಡಿತು, ಅಜ್ಜಿ ಬಿಡಿಸಿಕೊಳ್ಳುತ್ತಾಳೆ ಎಂದು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹಾಕುತ್ತಲೇ ಇದ್ದೆ. ಸಾಸಿವೆ ಸೀದುಹೋಯಿತು.

ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಗಾದೆಯನ್ನು ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ವಿವರಿಸಿದವಳು ನಾನು. ಆ ಕೋತಿಗೆ ಒಳಗೊಳಗೆ ಹೇಗಿತ್ತು ಎಂದು ಯಾವ ಮಗುವೂ ಕೇಳಿರಲಿಲ್ಲ. ಕೇಳಿದ್ದರೂ ನನಗೆ ಆಗ ತಿಳಿದಿರಲಿಲ್ಲ.

ಅಷ್ಟಾದ ಮೇಲೂ ಬಿಟ್ಟೆನೇ? ನಾಲ್ಕು ದಿನ ಬಿಟ್ಟೆ. ಐದನೆಯ ರಾತ್ರಿ ಮತ್ತೆ ಮೆಟ್ಟಿಲಿಳಿದೆ.

ಡಿಸೆಂಬರ್ 23ರಿಂದ ಅಮೆರಿಕದ ಪೂರ್ವಭಾಗಕ್ಕೆಲ್ಲ ಭಯಂಕರ ಶೀತಗಾಳಿ ನುಗ್ಗಿತು. 24ರ ಬೆಳಗಿನ ಜಾವ ನಮ್ಮಲ್ಲಿ ಉಷ್ಣತೆ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗಿಳಿದಿತ್ತು. ಅಳಿಯ ಕೆಲಸದ ಮೇಲೆ ಶಿಕಾಗೋಗೆ ಹೋದವನು ವಿಮಾನ ರದ್ದಾಗಿ ಅಲ್ಲೇ ಉಳಿದಿದ್ದ. ಆ ವಾರ ಸಾವಿರಾರು ವಿಮಾನಗಳು ರದ್ದಾದವು. ಐದು ಗಂಟೆಗೆ ನಾನು ಕಡ್ಡಿಯನ್ನು ಹಿಂದಕ್ಕೆ ತರಲು ಹೋದರೆ ಅದು ಬಿಗಿದುಕೊಂಡಿತ್ತು. ಅವಸರದಲ್ಲಿ ಒತ್ತಿದೆ. ಪಟ್ಟೆಂದಿತು. ಕಡ್ಡಿ ನನ್ನ ಕೈಯಲ್ಲೇ ಬಂತು. ಕೆಂಪು ದೀಪ ಆರಿತು, ಗಾಳಿ ನಿಂತಿತು. ಕಡ್ಡಿಯನ್ನು ಅದರ ಸಂದಿಗೆ ಸಿಕ್ಕಿಸಿ, ಮೇಲೆ ಹೋಗಿ ಮುಸುಕು ಹಾಕಿ ಮಲಗಿದೆ.

ದೇವರು ನನ್ನ ಪಕ್ಷ ಎಂದುಕೊಳ್ಳುವಂತೆ ಆ ಬೆಳಿಗ್ಗೆ ಕರೆಂಟೇ ಹೋಯಿತು. ರಾಜ್ಯದ ಮನೆಮನೆಯಲ್ಲೂ ಸುರುಳಿಗಳು ಕಾದು, ಬೇಡಿಕೆಗೆ ಸಾಲುವಷ್ಟು ವಿದ್ಯುತ್ತಿಲ್ಲದೆ, ಕಂಪನಿಯವರು ಸರದಿಯ ಮೇಲೆ ಊರೂರಿನ ಕರೆಂಟು ತೆಗೆದರು. ನಮ್ಮ ಲೋಡ್ ಶೆಡ್ಡಿಂಗೇ! ಅಮೆರಿಕದಲ್ಲೂ ಅದನ್ನು ಕಂಡೆನಲ್ಲ ಎಂದು ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಲಕ್ಷಾಂತರ ಮನೆಗಳಿಗೆ ಹೀಗಾಯಿತು. ಆ ರಾತ್ರಿಯ ಚಳಿಗೆ ನಾನು ಮುಟ್ಟದಿದ್ದರೂ ಸುರುಳಿಗಳು ತಾವಾಗಿಯೇ ಕಾಯುತ್ತಿದ್ದವು ಎಂಬುದು ನಿಜ. ಆದರೂ ಆ ಬೇಡಿಕೆಯಲ್ಲಿ ನಾನು ಕದ್ದು ಏರಿಸಿದ ಪಾಲೂ ಇತ್ತಲ್ಲ ಎಂಬುದು ಮನಸ್ಸಿಗೆ ಬಾರದೆ ಇರಲಿಲ್ಲ. ಕರೆಂಟು ಬಂದಾಗ ಅಕ್ಕಪಕ್ಕದ ಮನೆಗಳ ಯಂತ್ರಗಳೆಲ್ಲ ಗುಂಯ್ ಎಂದವು, ನಮ್ಮದು ಎನ್ನಲಿಲ್ಲ. ಮಗಳು ಡಬ್ಬಿಯನ್ನು ತಟ್ಟಿ ನೋಡಿ, 'ಕರೆಂಟು ಹೋಗಿ ಬಂದು ಇದೂ ಹಾಳಾಯ್ತು' ಎಂದಳು. ನಾನು ಸುಮ್ಮನಿದ್ದೆ. ಮೊದಲ ಮೇಕೆ ಮೊಮ್ಮಗಳು, ಎರಡನೆಯದು ಕರೆಂಟು ಕಂಪನಿ.

ರಿಪೇರಿಯವರು ಹಬ್ಬ ಮುಗಿಸಿ ಮೂರು ದಿನದ ಮೇಲೆ ಬರುತ್ತೇವೆಂದರು. ಮಧ್ಯಾಹ್ನದ ಹೊತ್ತಿಗೆ ಹಾಲಿನಲ್ಲಿ 54 ಡಿಗ್ರಿ, ನಮ್ಮ ಲೆಕ್ಕದಲ್ಲಿ 12. ಮಗಳು ಕಾರು ತೆಗೆದುಕೊಂಡು ಹೋಗಿ, ಅಂಗಡಿ ಬಾಗಿಲು ಹಾಕುವುದರೊಳಗೆ ಹೊಸ ಥರ್ಮೋಸ್ಟಾಟ್ ತಂದಳು. 'ನಾವೇ ಹಾಕೋಣ ಅಮ್ಮ. ನೀನು ಟಾರ್ಚು ಹಿಡಿ.'

ಟಾರ್ಚು ಹಿಡಿಯುವುದರಲ್ಲಿ ನನಗೆ ಅನುಭವವಿತ್ತು. ಶಿವಮೊಗ್ಗದ ಮನೆಯಲ್ಲಿ ಇವರು ಫ್ಯೂಸು ಕಟ್ಟುವಾಗಲೆಲ್ಲ ಹಿಡಿದವಳು ನಾನೇ. ಇವರು ಹೋದ ಮೇಲೆ ಒಮ್ಮೆ ಫ್ಯೂಸು ಹೋಗಿ, ಎರಡು ದಿನ ಮೇಣದ ಬತ್ತಿಯಲ್ಲಿ ಕಳೆದು, ಆಮೇಲೆ ಎದುರುಮನೆಯ ಹುಡುಗನನ್ನು ಕರೆದಿದ್ದೆ. ಬೆಳಕು ಹಿಡಿದಿದ್ದೆನೇ ಹೊರತು ನೋಡಿರಲಿಲ್ಲ.

ಈ ಸಲ ನೋಡಿದೆ. ಮಗಳು ಮೊದಲು ಎರಡು ಬ್ರೇಕರುಗಳನ್ನು ಆರಿಸಿದಳು, ಒಳಗಿನ ಯಂತ್ರದ್ದೊಂದು, ಹೊರಗಿನದೊಂದು. ಡಬ್ಬಿಯ ತಂತಿಗಳಲ್ಲಿ ಹರಿಯುವುದು ಬರೀ 24 ವೋಲ್ಟು, ಜೀವಕ್ಕೆ ಅಪಾಯವಿಲ್ಲ. ಆದರೆ ಎರಡು ತಂತಿ ತಪ್ಪಾಗಿ ತಾಗಿದರೆ ಒಳಗಿನ ಫ್ಯೂಸೋ ಟ್ರಾನ್ಸ್‌ಫಾರ್ಮರೋ ಸುಟ್ಟೀತು. ಮುಚ್ಚಳ ತೆಗೆದಳು. ಒಳಗೆ ಗಾಜಿನ ಪುಟ್ಟ ಗುಳಿಗೆಗಳಲ್ಲಿ ಪಾದರಸದ ಹನಿ ಥಳಥಳ ಹೊಳೆಯುತ್ತಿತ್ತು. ಚಳಿಗೆ ಲೋಹದ ಸುರುಳಿ ಬಾಗಿದರೆ ಗುಳಿಗೆ ವಾಲುತ್ತದೆ, ಹನಿ ಉರುಳಿ ತುದಿಗಳನ್ನು ಕೂಡಿಸುತ್ತದೆ, ಅದೇ ಅದರ 'ಬೇಕು'. ಎಷ್ಟು ಸರಳ! (ಪಾದರಸ ವಿಷ, ಆ ಡಬ್ಬಿಯನ್ನು ಕಸಕ್ಕೆ ಹಾಕುವಂತಿಲ್ಲ, ಬೇರೆಯಾಗಿ ಒಪ್ಪಿಸಬೇಕು.)

ಏಳು ತಂತಿಗಳಿದ್ದವು. ಕೆಂಪು, ಹಳದಿ, ಹಸಿರು, ಕಿತ್ತಳೆ, ಬಿಳಿ, ಕಂದು, ನೀಲಿ. ಕೆಂಪು ಕರೆಂಟು ತರುವುದು. ಹಳದಿ ಹೊರಗಿನ ಯಂತ್ರವನ್ನು ಎಬ್ಬಿಸುವುದು. ಹಸಿರು ಫ್ಯಾನಿಗೆ. ಕಿತ್ತಳೆಯದು ಶಾಖ ಒಳಗೆ ಬರಬೇಕೋ ಹೊರಗೆ ಹೋಗಬೇಕೋ ಎಂದು ತಿರುಗಿಸುವ ಕವಾಟಕ್ಕೆ. ಬಿಳಿ ಸುರುಳಿಗಳಿಗೆ, ಕಂದು ನನ್ನ ಎಮರ್ಜೆನ್ಸಿಗೆ. ನಾನು ಜಾಣತನ ತೋರಿಸಿ, 'ಬಣ್ಣ ಬರೆದಿಟ್ಟುಕೋ' ಎಂದೆ. ಮಗಳು ತಲೆಯಾಡಿಸಿದಳು. 'ಬಣ್ಣ ನಂಬೋ ಹಾಗಿಲ್ಲ ಅಮ್ಮ. ಹಾಕಿದವನ ಕೈಲಿ ಯಾವ ಬಣ್ಣ ಇತ್ತೋ ಅದು. ಯಾವ ಅಕ್ಷರದ ಕೆಳಗಿತ್ತು ಅನ್ನೋದು ಮುಖ್ಯ.' ಡಬ್ಬಿಯ ಜೊತೆ ಬಂದ ಅಂಟುಚೀಟಿಗಳಲ್ಲಿ ಇಂಗ್ಲಿಷಿನ ಒಂದೊಂದೇ ಅಕ್ಷರ ಅಚ್ಚಾಗಿತ್ತು. ತಂತಿ ಬಿಡಿಸುವ ಮೊದಲೇ ಒಂದೊಂದಕ್ಕೆ ಒಂದೊಂದು ಚೀಟಿ ಅಂಟಿಸಿ, ಫೋಟೋ ತೆಗೆದುಕೊಂಡಳು.

ಆದರೆ ಅಕ್ಷರವನ್ನೂ ನಂಬುವ ಹಾಗಿರಲಿಲ್ಲ. ನೀಲಿ ತಂತಿ ಹಳೆಯ ಡಬ್ಬಿಯಲ್ಲಿ 'ಬಿ' ಎಂಬಲ್ಲಿತ್ತು. ಹೊಸದರಲ್ಲಿ 'ಓ' ಮತ್ತು 'ಬಿ' ಎರಡಕ್ಕೂ ಸೇರಿ ಒಂದೇ ಜಾಗ, ಅದು ಕವಾಟದ ಜಾಗ. ಕಿತ್ತಳೆ ತಂತಿ ಆಗಲೇ ಕವಾಟಕ್ಕೆ ಹೋಗುತ್ತಿರುವಾಗ ಈ ನೀಲಿಯದೇನು ಕೆಲಸ? ಕೆಲವು ಕಂಪನಿಗಳವರು ಕವಾಟದ ತಂತಿಗೆ 'ಬಿ' ಎನ್ನುತ್ತಾರೆ, ಇನ್ನು ಕೆಲವರು ಕರೆಂಟು ಹಿಂತಿರುಗುವ ಸಾಮಾನ್ಯ ತಂತಿಗೇ 'ಬಿ' ಎನ್ನುತ್ತಾರೆ ಎಂದು ಮಗಳು ಓದಿದ್ದಳು. ಹೆಸರು ಒಂದೇ, ಕೆಲಸ ಬೇರೆ. ತಿಳಿಯಬೇಕಾದರೆ ಆ ತಂತಿಯ ಇನ್ನೊಂದು ತುದಿ ಎಲ್ಲಿದೆಯೋ ಅಲ್ಲಿಗೇ ಹೋಗಿ ನೋಡಬೇಕು. ಹೋದೆವು. ಮಡಚುವ ಏಣಿ ಇಳಿಸಿ, ಅಟ್ಟಕ್ಕೆ ಹತ್ತಿ, ಒಳಗಿನ ಯಂತ್ರದ ಮುಚ್ಚಳ ಬಿಚ್ಚಿದೆವು. ಏಣಿ ಹತ್ತಬೇಡ ಎಂದರೂ ನಾನು ಹತ್ತಿದೆ. ಮುಚ್ಚಳದ ಒಳಮೈಗೆ ಅಂಟಿಸಿದ್ದ ನಕ್ಷೆಯ ಮೇಲೆ ಟಾರ್ಚು ಬಿಟ್ಟೆ. ನೀಲಿಯ ಗೆರೆ ಕವಾಟದ ಕಡೆ ತಲೆಹಾಕದೆ ನೆಟ್ಟಗೆ ಟ್ರಾನ್ಸ್‌ಫಾರ್ಮರಿಗೆ ಹೋಗಿತ್ತು. ಅದು ಹೊಸ ಡಬ್ಬಿಯಲ್ಲಿ 'ಸಿ' ಎಂಬಲ್ಲಿಗೆ ಹೋಗಬೇಕಾದ ತಂತಿ. 'ಬಿ' ಎಂಬ ಅಕ್ಷರವನ್ನು ನಂಬಿ ಕವಾಟದ ಜಾಗಕ್ಕೆ ಹಾಕಿದ್ದರೆ ಆ ದಿನ ಟ್ರಾನ್ಸ್‌ಫಾರ್ಮರೂ ಹೋಗುತ್ತಿತ್ತೋ ಏನೋ.

ಅಟ್ಟದ ಆ ಚಳಿಯಲ್ಲಿ ನನಗೆ ನೆನಪಾದದ್ದು ನನ್ನ ಅತ್ತೆ. ಕೊನೆಯ ಎರಡು ವರ್ಷ ಅವರು ಹಾಸಿಗೆ ಹಿಡಿದಿದ್ದರು. ಕಾಫಿಗೆ ಸಕ್ಕರೆ ಇನ್ನೊಂದು ಚಮಚ ಹಾಕಲೇ ಎಂದರೆ 'ಸಾಕಮ್ಮ'. ಹಬ್ಬದ ದಿನ ಇನ್ನೊಂದು ಹೋಳಿಗೆ ಎಂದರೆ 'ಸಾಕಮ್ಮ'. ಎಷ್ಟು ಅಚ್ಚುಕಟ್ಟು ಜೀವ ಎಂದು ಬಂದವರೆದುರು ನಾನೇ ಹೊಗಳುತ್ತಿದ್ದೆ. ಅವರು ತೀರಿಕೊಂಡ ಮೇಲೆ ಹಾಸಿಗೆ ಮಡಚುವಾಗ ಅಡಿಯಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದರೆ ಬೆಲ್ಲದ ಚೂರುಗಳು, ಇರುವೆ ಮುತ್ತಿದ್ದವು. ನಾನೂ ನನ್ನ ಓರಗಿತ್ತಿಯೂ ಅಳುವ ಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಯಾವ ಕೆಲಸದವಳ ಕೈಯಿಂದ, ಯಾವ ಮಗುವಿನ ಕೈಯಿಂದ ತರಿಸಿಕೊಳ್ಳುತ್ತಿದ್ದರೋ! ಆಗೆಲ್ಲ ಡಬ್ಬಿಯಲ್ಲಿ ಬೆಲ್ಲ ಕಡಿಮೆಯಾಯಿತೆಂದು ನಾನು ಕೆಲಸದ ಹುಡುಗಿಗೆ ಎರಡು ಸಲ ಗದರಿದ್ದೆ. ಅದು ನೆನಪಾದದ್ದೂ ಅಟ್ಟದಲ್ಲೇ.

ಹಾಗೆಂದು 'ಸಾಕು' ಎನ್ನುವುದೆಲ್ಲ ಸುಳ್ಳೇ? ಹಾಗೆನ್ನಲು ನನಗೆ ಬಾಯಿ ಬಾರದು. ನನ್ನ ಅಮ್ಮ ಎಲ್ಲರದೂ ಆದ ಮೇಲೆ ಪಾತ್ರೆಯ ತಳ ಕೆರೆದು ಉಂಡು 'ನನಗಿಷ್ಟು ಸಾಕು' ಎನ್ನುತ್ತಿದ್ದಳು. ಮನೆಯಲ್ಲಿ ಅಕ್ಕಿ ಇದ್ದದ್ದೇ ಅಷ್ಟು. ಅವಳು 'ಬೇಕು' ಎಂದಿದ್ದರೆ ನಾವು ಐದು ಮಕ್ಕಳಲ್ಲಿ ಒಬ್ಬರ ಎಲೆ ಖಾಲಿ. ಅವಳ ಆ ಮಾತಿನ ಇನ್ನೊಂದು ತುದಿ ನಮ್ಮ ಹೊಟ್ಟೆಯಲ್ಲಿತ್ತು. ನನ್ನದು? ಕೇಳಿದ್ದರೆ ಕೊಡುವ ಮಗಳಿದ್ದಳು, ಕೊಡುವಷ್ಟು ಇತ್ತು. ನಾನು 'ಸಾಕು' ಎಂದದ್ದರಿಂದ ಯಾರ ಎಲೆಗೂ ಒಂದು ಅಗುಳು ಹೆಚ್ಚು ಬೀಳಲಿಲ್ಲ. ಅಳಿಯನ ಮನೆಯಲ್ಲಿ ಕೈಯೊಡ್ಡದ ಅತ್ತೆ ಎನ್ನಿಸಿಕೊಳ್ಳಬೇಕಿತ್ತು ನನಗೆ. ಅದು ತ್ಯಾಗವಲ್ಲ, ಬಿಂಕ. ಅದರ ಬೆಲೆ ತೆತ್ತದ್ದು ಮಗು. ಅತ್ತೆಯದು ಇವೆರಡರಲ್ಲಿ ಯಾವುದು ಎಂದು ಮಾತ್ರ ನನಗೆ ಇಂದಿಗೂ ಬಗೆಹರಿದಿಲ್ಲ. ಬಿಂಕವೂ ಇರಬಹುದು. ಸೊಸೆಯ ಕೈಲಿ ಬೆಲ್ಲದ ಡಬ್ಬಿಯಿರುವ ಮನೆಯಲ್ಲಿ 'ಬೇಕು' ಎಂದರೆ ಏನಾದೀತೋ ಎಂಬ ಅಂಜಿಕೆಯೂ ಇರಬಹುದು. ಹಾಗಿದ್ದರೆ ತಪ್ಪು ಅವರದಲ್ಲ.

ಕೆಳಗಿಳಿದು ಬಂದು ತಂತಿಗಳನ್ನು ಹಾಕಿದೆವು. ಬಿಳಿ, ಕಂದು ಎರಡನ್ನೂ ಒಂದೇ ತಿರುಪಿಗೆ ಸೇರಿಸಬೇಕಾಯಿತು. ಹೊಸ ಡಬ್ಬಿಯಲ್ಲಿ ಎಮರ್ಜೆನ್ಸಿಗೆಂದು ಬೇರೆ ಮನೆಯಿಲ್ಲ. ಬ್ರೇಕರು ಹಾಕಿದಾಗ ಪರದೆ ಬೆಳಗಿತು. ಅದು ಒಂದಷ್ಟು ಪ್ರಶ್ನೆ ಕೇಳಿತು: ನಿಮ್ಮದು ಹೀಟ್ ಪಂಪೋ ಬೇರೆಯದೋ, ಕವಾಟ 'ಓ' ಕ್ರಮದ್ದೋ 'ಬಿ' ಕ್ರಮದ್ದೋ. ಮಗಳು ಅವಸರದಲ್ಲಿ ಒತ್ತಿದಳು. ಕೋಣೆಯಲ್ಲಿದ್ದ ಉಷ್ಣತೆಗಿಂತ ಒಂದೇ ಡಿಗ್ರಿ ಮೇಲಕ್ಕೆ ಇಟ್ಟಳು, ಸುರುಳಿಗಳು ನಡುವೆ ಬಂದು ನಮ್ಮನ್ನು ಮೋಸಗೊಳಿಸಬಾರದೆಂದು. ಆಮೇಲೆ ಐದು ನಿಮಿಷ ಕಾಯಬೇಕು. ನಿಂತ ಯಂತ್ರವನ್ನು ಕೂಡಲೇ ಎಬ್ಬಿಸಿದರೆ ಅದಕ್ಕೆ ಪೆಟ್ಟು, ಅದಕ್ಕೇ ಡಬ್ಬಿ ತಾನಾಗಿ ತಡೆಯುತ್ತದೆ. ಐದು ನಿಮಿಷವಾಯಿತು. ಹೊರಗೆ ಗುಂಯ್ ಎಂದಿತು. ಜಾಲರಿಗೆ ಕೈಯೊಡ್ಡಿದೆವು. ತಣ್ಣನೆಯ ಗಾಳಿ! ಆ ಚಳಿಯಲ್ಲಿ ಯಂತ್ರ ಮನೆಯೊಳಗಿನ ಅಷ್ಟಿಷ್ಟು ಶಾಖವನ್ನೂ ಹೊತ್ತು ಹೊರಗೆ ಹಾಕುತ್ತಿತ್ತು. ಮಗಳು ನೆಲದ ಮೇಲೆ ಕುಸಿದು ಕುಳಿತಳು. 'ನನ್ನ ಕೈಲಿ ಆಗಲ್ಲ ಅಮ್ಮ.'

'ಆ ಓ-ಬಿ ಪ್ರಶ್ನೆಗೆ ಏನು ಒತ್ತಿದೆ?' ಎಂದೆ. ಅವಳು 'ಬಿ' ಒತ್ತಿದ್ದಳು. ನಮ್ಮ ಕವಾಟದ ತಂತಿ 'ಓ' ಎಂಬಲ್ಲಿಂದ ಬಂದದ್ದು. ತಂಪು ಬೇಕಾದಾಗ ಕರೆಂಟು ಕೊಡಬೇಕಾದ ಕವಾಟಕ್ಕೆ ಬಿಸಿ ಬೇಕಾದಾಗ ಕೊಟ್ಟಂತಾಗಿತ್ತು. ನಿಲ್ಲಿಸಿ ಬದಲಾಯಿಸಿದಳು. ಮತ್ತೆ ಐದು ನಿಮಿಷ.

ಆ ಐದು ನಿಮಿಷದಲ್ಲಿ ಹೇಳಿದೆ. ಗೋಡೆಗೆ ಒರಗಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಪರದೆಯನ್ನೇ ನೋಡುತ್ತ ಎಲ್ಲ ಹೇಳಿದೆ. ನವೆಂಬರಿನ ರಾತ್ರಿ, ಕೆಂಪು ದೀಪ, ಬಿಲ್ಲು, ಕೈಗೆ ಬಂದ ಕಡ್ಡಿ. ಮಗಳು ತುಂಬ ಹೊತ್ತು ಮಾತಾಡಲಿಲ್ಲ.

'ಅವಳಿಗೆ ಬೈದೆನಲ್ಲ ಅಮ್ಮ' ಎಂದಳು ಕೊನೆಗೆ.

'ಹೂಂ.'

'ದಿನಾ ಕೇಳ್ತಿದ್ದೆ. ದಿನಾ ಸಾಕು ಅಂದೆ. ನಾನು ಇನ್ನೇನನ್ನ ನಂಬಬೇಕಿತ್ತು?'

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ನಲವತ್ತು ಡಾಲರಿಗೆ ಒಂದು ರೂಮ್ ಹೀಟರು ಬರುತ್ತಿತ್ತಂತೆ. ಕೋಣೆ ಬದಲಾಯಿಸಬಹುದಿತ್ತಂತೆ. ಅವಳು ಹೇಳುತ್ತ ಹೋದಂತೆ, ಒಂದು ಮಾತಿನಿಂದ ಮುಗಿಯುತ್ತಿದ್ದ ಸಂಗತಿಗಳ ಪಟ್ಟಿ ಉದ್ದವಾಗುತ್ತ ಹೋಯಿತು. ಹೊರಗಿನ ಯಂತ್ರ ಗುಂಯ್ ಎಂದಿತು. ಇಬ್ಬರೂ ಏಳಲಿಲ್ಲ. ಸೋಫಾದ ಮೇಲೆ ಮುಸುಕು ಹಾಕಿ ಮಲಗಿದ್ದ ಮೊಮ್ಮಗಳು ಎದ್ದು ಹೋಗಿ ಜಾಲರಿಗೆ ಕೈಯಿಟ್ಟು, 'ಬಿಸಿ ಬಂತು' ಎಂದಿತು. ಮಗು ನಿದ್ದೆ ಮಾಡಿರಲಿಲ್ಲ. ಎಲ್ಲ ಕೇಳಿಸಿಕೊಂಡಿತ್ತು.

ಥರ್ಮೋಸ್ಟಾಟಿನ ಚರಿತ್ರೆಯನ್ನು ಆಮೇಲೆ ಕುತೂಹಲದಿಂದ ಓದಿದೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ವಾರೆನ್ ಜಾನ್ಸನ್ ಎಂಬ ಅಧ್ಯಾಪಕನಿದ್ದ. ಶಾಲೆಯ ಜವಾನ ಪಾಠದ ನಡುವೆ ಪದೇ ಪದೇ ಕೋಣೆಗೆ ಬಂದು ಥರ್ಮಾಮೀಟರು ನೋಡಿ, ನೆಲಮಾಳಿಗೆಯಲ್ಲಿ ಒಲೆ ಸರಿಮಾಡಲು ಹೋಗುತ್ತಿದ್ದ. ಇದರಿಂದ ಬೇಸತ್ತ ಜಾನ್ಸನ್, ಕೋಣೆಯ ಹವೆ ಬದಲಾದರೆ ಕೆಳಗೆ ಗಂಟೆ ಬಾರಿಸುವ ಸಾಧನ ಮಾಡಿ 1883ರಲ್ಲಿ ಪೇಟೆಂಟು ಪಡೆದ. ಮೇಷ್ಟರ ಕಷ್ಟ ಮೇಷ್ಟರಿಗೇ ಗೊತ್ತು. ಆ ಕೋಣೆ ತನಗೆ ಚಳಿಯೆಂದು ತಾನೇ ಗಂಟೆ ಬಾರಿಸಬೇಕಾಗಿತ್ತು. ನಾನು ಮೂವತ್ತು ವರ್ಷ ಪಾಠ ಹೇಳಿಯೂ ಆ ಗಂಟೆ ಬಾರಿಸುವುದನ್ನು ಕಲಿಯಲಿಲ್ಲ.

ಮೊಮ್ಮಗಳಲ್ಲಿ ಕ್ಷಮೆ ಕೇಳಿದೆ. 'ಪರವಾಗಿಲ್ಲ ಅಜ್ಜಿ' ಎನ್ನುತ್ತದೆ ಎಂದುಕೊಂಡಿದ್ದೆ. ಎನ್ನಲಿಲ್ಲ. ಎರಡು ದಿನ ನನ್ನ ಜೊತೆ ಮಾತಾಡಲೇ ಇಲ್ಲ. ನಾನು ಮಾಡಿದ ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಿತು. ಮಗಳು ಗದರಲು ಹೋದಳು. ಬೇಡವೆಂದೆ. ತನಗೆ ಸಾಲದ್ದನ್ನು ಸಾಲದೆಂದು ತೋರಿಸುವ ಮಗುವಿಗೆ ಇದನ್ನೂ ಸಾಕು ಎನ್ನಲು ಕಲಿಸುವುದು ಯಾಕೆ?

ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಕೋಣೆಯ ಬಾಗಿಲಿಗೆ, ಮಗುವಿನ ಕೈ ಎಟುಕುವ ಎತ್ತರದಲ್ಲಿ, ಡಬ್ಬಿಯ ಜೊತೆ ಬಂದಿದ್ದ ಅಂಟುಚೀಟಿಯೊಂದನ್ನು ಅಂಟಿಸಿತ್ತು. ಎಮರ್ಜೆನ್ಸಿಯ 'ಇ'. ಯಾಕೆ ಎಂದು ಕೇಳಿದ್ದಕ್ಕೆ, 'ಹಾಳೇಲಿ ಇನ್ನೂ ಒಂದು ಉಳಿದಿತ್ತು' ಎಂದು ಹೇಳಿ ಮೆಟ್ಟಿಲಿಳಿದು ಓಡಿತು.